ನೋಂದಾಯಿತ ಫಾರ್ಮಾಸಿಸ್ಟರ ನೋಂದಣಿ ನವೀಕರಣ ಮತ್ತು ಪುನಶ್ಚೇತನ ತರಬೇತಿ: ಅರ್ಜಿದಾರರಿಗೆ ಮಾಹಿತಿ

ಕರ್ನಾಟಕದಲ್ಲಿ ಫಾರ್ಮಾಸಿಸ್ಟ್ ವೃತ್ತಿಯನ್ನು ಕೈಗೊಂಡಿರುವವರು ತಮ್ಮ ನೋಂದಣಿಯನ್ನು ನವೀಕರಿಸಿಕೊಳ್ಳುವ ಬಗ್ಗೆ ಹಾಗೂ ಅದಕ್ಕೆ ಸಂಬಂಧಿಸಿದ ತರಬೇತಿಯ ಬಗ್ಗೆ ಅಗತ್ಯ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

1. ಕಾನೂನಿನ ಹಿನ್ನೆಲೆ

ಫಾರ್ಮಸಿ ಕಾಯ್ದೆ, 1948ರ ಪ್ರಕಾರ ರಾಜ್ಯದ ಫಾರ್ಮಾಸಿಸ್ಟರ ನೋಂದಣಿ ಪುಸ್ತಕವನ್ನು ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತು ನಿರ್ವಹಿಸುತ್ತದೆ. ವೈದ್ಯರ ಚೀಟಿಯ ಮೇರೆಗೆ ಔಷಧವನ್ನು ಸಿದ್ಧಪಡಿಸುವ ಅಥವಾ ವಿತರಿಸುವ ಕಾರ್ಯವನ್ನು ನೋಂದಾಯಿತ ಫಾರ್ಮಾಸಿಸ್ಟರಲ್ಲದವರು ಮಾಡುವುದನ್ನು ಕಾಯ್ದೆಯ 42ನೇ ಪ್ರಕರಣವು ನಿಷೇಧಿಸಿದೆ. ಇದರ ಉಲ್ಲಂಘನೆಯು ದಂಡನೀಯ ಅಪರಾಧವಾಗಿರುತ್ತದೆ. ಆದುದರಿಂದ ನೋಂದಣಿ ಪುಸ್ತಕದಲ್ಲಿ ಹೆಸರು ಚಾಲ್ತಿಯಲ್ಲಿರುವುದು ವೃತ್ತಿ ನಡೆಸಲು ಮೂಲ ಆಧಾರವಾಗಿದೆ.

2. ನವೀಕರಣದ ಅವಧಿ

ಕಾಯ್ದೆಯ 34ನೇ ಪ್ರಕರಣದನ್ವಯ, ಹೆಸರು ಮೊದಲು ದಾಖಲಾದ ವರ್ಷದ ಮುಂದಿನ ವರ್ಷದ ಡಿಸೆಂಬರ್ 31ರ ನಂತರವೂ ಹೆಸರನ್ನು ಉಳಿಸಿಕೊಳ್ಳಲು ನವೀಕರಣ ಶುಲ್ಕವನ್ನು ಪಾವತಿಸತಕ್ಕದ್ದು. ಶುಲ್ಕವು ಯಾವ ವರ್ಷಕ್ಕೆ ಸಂಬಂಧಿಸಿದೆಯೋ ಆ ವರ್ಷದ ಏಪ್ರಿಲ್ 1ಕ್ಕೆ ಮೊದಲು ಸಂದಾಯವಾಗಬೇಕು.

ಉದಾಹರಣೆ: 2024ರ ಆಗಸ್ಟ್‌ನಲ್ಲಿ ಮೊದಲ ಬಾರಿ ನೋಂದಣಿ ಪಡೆದವರ ಹೆಸರು 31-12-2025ರವರೆಗೆ ನವೀಕರಣ ಶುಲ್ಕವಿಲ್ಲದೆ ಮುಂದುವರಿಯುತ್ತದೆ. 2026ನೇ ಸಾಲಿನ ಶುಲ್ಕವನ್ನು 1-4-2026ಕ್ಕೆ ಮೊದಲು ಪಾವತಿಸಬೇಕಾಗುತ್ತದೆ.

ಶುಲ್ಕ ಪಾವತಿಯ ರಸೀದಿಯೇ ನವೀಕರಣಕ್ಕೆ ಪುರಾವೆಯಾಗಿರುತ್ತದೆ. ಅದನ್ನು ಮೂಲ ನೋಂದಣಿ ಪ್ರಮಾಣಪತ್ರದೊಂದಿಗೆ ಜೋಪಾನವಾಗಿ ಇರಿಸಿಕೊಳ್ಳುವುದು.

3. ಪುನಶ್ಚೇತನ ತರಬೇತಿ

ಭಾರತೀಯ ಫಾರ್ಮಸಿ ಪರಿಷತ್ತು ಹೊರಡಿಸಿದ ಫಾರ್ಮಸಿ ವೃತ್ತಿ ವಿನಿಯಮಗಳು, 2015ರಂತೆ, ನವೀಕರಣಕ್ಕಾಗಿ ಪ್ರತಿ ಐದು ವರ್ಷಗಳ ಅವಧಿಯಲ್ಲಿ ಕನಿಷ್ಠ 2 ಪುನಶ್ಚೇತನ ತರಬೇತಿಗಳಿಗೆ ಹಾಜರಾಗತಕ್ಕದ್ದು. ಪ್ರತಿಯೊಂದು ತರಬೇತಿಯೂ ಕನಿಷ್ಠ ಒಂದು ದಿನದ ಅವಧಿಯದಾಗಿರಬೇಕು. ರಾಷ್ಟ್ರ ಅಥವಾ ರಾಜ್ಯ ಪರಿಷತ್ತು ನಡೆಸುವ ತರಬೇತಿಗಳಲ್ಲದೆ, ಮಾನ್ಯತೆ ಪಡೆದ ವೃತ್ತಿಪರ ಸಂಘಟನೆಗಳು ಮತ್ತು ಫಾರ್ಮಸಿ ಕಾಲೇಜುಗಳು ನಡೆಸುವ ತರಬೇತಿಗಳೂ ಇದರಲ್ಲಿ ಸೇರುತ್ತವೆ. ಹೆಸರು ನೋಂದಾಯಿಸುವ ಮೊದಲು ಸದರಿ ತರಬೇತಿಗೆ ಮಾನ್ಯತೆ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು.

4. ತರಬೇತಿ ಏಕೆ ಅಗತ್ಯ?

ಹತ್ತು ಹದಿನೈದು ವರ್ಷಗಳ ಹಿಂದೆ ಡಿಪ್ಲೊಮಾ ಪಡೆದವರು ವ್ಯಾಸಂಗ ಮಾಡಿದ ಕಾಲದಲ್ಲಿ ಇಲ್ಲದಿದ್ದ ಹಲವು ನಿಯಮಗಳು ಇಂದು ಜಾರಿಯಲ್ಲಿವೆ.

ಅ) ಅನುಸೂಚಿ ಎಚ್1 ದಿನಾಂಕ 1-3-2014ರಿಂದ ಜಾರಿಗೆ ಬಂದಿತು. ಇದರಲ್ಲಿ ಮೊದಲಿಗೆ 46 ಔಷಧಗಳಿದ್ದು, ಹಲವು ಪ್ರತಿಜೀವಕಗಳು ಹಾಗೂ ಕ್ಷಯರೋಗದ ಔಷಧಗಳು ಸೇರಿವೆ. ಇವುಗಳ ಮಾರಾಟದ ಸಮಯದಲ್ಲಿ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು ಮತ್ತು ಪ್ರಮಾಣವನ್ನು ಪ್ರತ್ಯೇಕ ವಹಿಯಲ್ಲಿ ದಾಖಲಿಸಿ, ಆ ವಹಿಯನ್ನು ಮೂರು ವರ್ಷಗಳ ಕಾಲ ಕಾಯ್ದಿರಿಸಬೇಕು.

ಆ) ಔಷಧದ ಅಡ್ಡ ಪರಿಣಾಮಗಳನ್ನು ವರದಿ ಮಾಡಲು 2010ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಫಾರ್ಮಾಸಿಸ್ಟರೂ ಇಂತಹ ವರದಿಯನ್ನು ಸಲ್ಲಿಸಬಹುದು.

ಇ) ದಿನಾಂಕ 1-8-2023ರಿಂದ 300 ಔಷಧ ಬ್ರಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ.

ಗ್ರಾಮಾಂತರ ಪ್ರದೇಶಗಳಲ್ಲಿ ರೋಗಿಯು ಔಷಧ ಸೇವಿಸುವ ಮುನ್ನ ಕೊನೆಯದಾಗಿ ಮಾತನಾಡುವುದು ಅಂಗಡಿಯ ಫಾರ್ಮಾಸಿಸ್ಟರೊಂದಿಗೆ. ಮಾತ್ರೆಯನ್ನು ಊಟಕ್ಕೆ ಮೊದಲು ತೆಗೆದುಕೊಳ್ಳಬೇಕೇ, ಜ್ವರ ಇಳಿದ ಕೂಡಲೇ ಪ್ರತಿಜೀವಕವನ್ನು ನಿಲ್ಲಿಸಬಹುದೇ ಎಂಬ ಪ್ರಶ್ನೆಗಳಿಗೆ ಅಲ್ಲಿ ದೊರೆಯುವ ಉತ್ತರ ಸರಿಯಾಗಿರಬೇಕು. ತರಬೇತಿಯ ಉದ್ದೇಶ ಇದೇ ಆಗಿದ್ದು, ಕೇವಲ ಪ್ರಮಾಣಪತ್ರಕ್ಕಾಗಿ ಹಾಜರಿ ಹಾಕಿ ಹಿಂದಿರುಗುವುದರಿಂದ ಅದು ಈಡೇರುವುದಿಲ್ಲ.

5. ಸಿದ್ಧವಾಗಿರಿಸಿಕೊಳ್ಳಬೇಕಾದ ದಾಖಲೆಗಳು

• ಮೂಲ ನೋಂದಣಿ ಪ್ರಮಾಣಪತ್ರ
• ಹಿಂದಿನ ನವೀಕರಣದ ರಸೀದಿ
• ತರಬೇತಿಯ ಪ್ರಮಾಣಪತ್ರಗಳು (ಹೆಸರು ಮತ್ತು ನೋಂದಣಿ ಸಂಖ್ಯೆ ತಾಳೆಯಾಗಬೇಕು)
• ಗುರುತು ಮತ್ತು ವಿಳಾಸದ ಪುರಾವೆ

ಪ್ರಮಾಣಪತ್ರ ಕಳೆದುಹೋಗಿದ್ದಲ್ಲಿ ಅಥವಾ ನಾಶವಾಗಿದ್ದಲ್ಲಿ, ಕಾಯ್ದೆಯ 39ನೇ ಪ್ರಕರಣದಡಿ ನಕಲು ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಲು ಅವಕಾಶವಿದೆ.

6. ನವೀಕರಣ ತಪ್ಪಿದಲ್ಲಿ

ನಿಗದಿತ ದಿನಾಂಕದೊಳಗೆ ಶುಲ್ಕ ಪಾವತಿಸದವರ ಹೆಸರನ್ನು ರಿಜಿಸ್ಟ್ರಾರ್ ಅವರು ನೋಂದಣಿ ಪುಸ್ತಕದಿಂದ ತೆಗೆದುಹಾಕಬೇಕೆಂದು ಕಾಯ್ದೆಯು ವಿಧಿಸಿದೆ. ನಿಯಮಗಳಲ್ಲಿ ಗೊತ್ತುಪಡಿಸಿದ ಷರತ್ತುಗಳನ್ನು ಪೂರೈಸಿ ಹೆಸರನ್ನು ಪುನಃ ಸೇರಿಸಿಕೊಳ್ಳಬಹುದು. ವಿವಾಹ, ಹೆರಿಗೆ, ಅನಾರೋಗ್ಯ ಅಥವಾ ವಿದೇಶದ ಉದ್ಯೋಗದ ಕಾರಣ ಕೆಲವು ವರ್ಷ ವೃತ್ತಿಯಿಂದ ದೂರವಿದ್ದವರು, ಕೆಲಸಕ್ಕೆ ಮರಳುವ ಮುನ್ನ ತಮ್ಮ ಹೆಸರು ಚಾಲ್ತಿಯಲ್ಲಿದೆಯೇ ಎಂಬುದನ್ನು ಪರಿಶೀಲಿಸಿಕೊಳ್ಳುವುದು ಕ್ಷೇಮಕರ.

7. ಸಾಮಾನ್ಯ ತಪ್ಪು ತಿಳಿವಳಿಕೆಗಳು

ಅಂಗಡಿಯ ಪರವಾನಗಿ ಮತ್ತು ಫಾರ್ಮಾಸಿಸ್ಟರ ನೋಂದಣಿ ಎರಡೂ ಬೇರೆ ಬೇರೆ. ಚಿಲ್ಲರೆ ಮಾರಾಟದ ಪರವಾನಗಿಯನ್ನು (ನಮೂನೆ 20 ಮತ್ತು 21) ಔಷಧ ಪರವಾನಗಿ ಪ್ರಾಧಿಕಾರವು ನೀಡುತ್ತದೆ. ಪರವಾನಗಿ ಚಾಲ್ತಿಯಲ್ಲಿದ್ದ ಮಾತ್ರಕ್ಕೆ ನೋಂದಣಿಯೂ ಚಾಲ್ತಿಯಲ್ಲಿದೆ ಎಂದು ಭಾವಿಸಬಾರದು.

ಪ್ರಮಾಣಪತ್ರವನ್ನು ಅಂಗಡಿಯವರಿಗೆ ಬಾಡಿಗೆಗೆ ಕೊಟ್ಟು ತಾವು ಗೈರುಹಾಜರಾಗಿರುವುದು ಸಲ್ಲದು. ವೈದ್ಯರ ಚೀಟಿಯ ಔಷಧಗಳ ಚಿಲ್ಲರೆ ವಿತರಣೆಯು ನೋಂದಾಯಿತ ಫಾರ್ಮಾಸಿಸ್ಟರಿಂದ ಅಥವಾ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ನಡೆಯತಕ್ಕದ್ದು. ವೃತ್ತಿ ದುರ್ನಡತೆ ಸಾಬೀತಾದಲ್ಲಿ, ಅಹವಾಲು ಹೇಳಿಕೊಳ್ಳಲು ಅವಕಾಶ ನೀಡಿದ ನಂತರ, 36ನೇ ಪ್ರಕರಣದಡಿ ಹೆಸರನ್ನು ತೆಗೆದುಹಾಕಬಹುದಾಗಿದೆ.

ಸೂಚನೆ: ಶುಲ್ಕದ ಮೊತ್ತ ಹಾಗೂ ಮುಂಬರುವ ತರಬೇತಿಗಳ ವಿವರಗಳಿಗೆ ರಾಜ್ಯ ಫಾರ್ಮಸಿ ಪರಿಷತ್ತಿನ ಕಚೇರಿಯನ್ನು ಸಂಪರ್ಕಿಸುವುದು. ಮಾರ್ಚ್ ತಿಂಗಳ ಕೊನೆಯ ದಿನಗಳವರೆಗೆ ಕಾಯದೆ, ಮುಂಚಿತವಾಗಿಯೇ ಅರ್ಜಿ ಸಲ್ಲಿಸುವಂತೆ ಕೋರಲಾಗಿದೆ.