ವುಡಿನ್ ಪೆಟ್ಟಿಗೆಗಳ ಸಿಗದ ಪಟ್ಟಿ

1877ರ ಅಮೆರಿಕದ ಐವತ್ತು ಡಾಲರ್ ಮಾದರಿ ನಾಣ್ಯಗಳು ಚಿನ್ನದಲ್ಲಿ ಇರುವುದು ಎರಡೇ. ಎರಡೂ ಇಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿವೆ. ಅವು ಅಲ್ಲಿಗೆ ಸೇರಿದ ದಾರಿಯನ್ನು ಹಳೆಯ ಕಾಗದಗಳಲ್ಲಿ ಹುಡುಕುತ್ತ ಹೋದವನಿಗೆ, ಅವುಗಳ ಬದಲಿಗೆ ಸರ್ಕಾರದ ಕೈಯಿಂದ ಹೊರಬಿದ್ದ ಸರಕು ನಾಣ್ಯಗಳಿಗಿಂತ ದೊಡ್ಡ ಪ್ರಶ್ನೆಯಾಗಿ ಎದುರು ನಿಂತಿತು.

ಚಲಾವಣೆಗೆ ತರುವ ಮುನ್ನ ವಿನ್ಯಾಸ, ಲೋಹ, ಗಾತ್ರಗಳನ್ನು ಪರೀಕ್ಷಿಸಲು ಟಂಕಿಸುವುದೇ ಮಾದರಿ ನಾಣ್ಯ. ಕ್ಯಾಲಿಫೋರ್ನಿಯಾದ ಸೆನೆಟರ್ ವಿಲಿಯಂ ಗ್ವಿನ್ 1854ರಲ್ಲೇ ನೂರು ಡಾಲರಿನ ‘ಯೂನಿಯನ್’, ಐವತ್ತರ ‘ಹಾಫ್ ಯೂನಿಯನ್’ ನಾಣ್ಯಗಳು ಬೇಕೆಂದು ಪಟ್ಟು ಹಿಡಿದಿದ್ದರು. ಅದು ಕಾಯ್ದೆಯಾಗಲಿಲ್ಲ, ಹೆಸರು ಮಾತ್ರ ಉಳಿಯಿತು. 1877ರಲ್ಲಿ ಫಿಲಡೆಲ್ಫಿಯಾ ಟಂಕಸಾಲೆಯ ಮುಖ್ಯ ಅಚ್ಚುಗಾರ ವಿಲಿಯಂ ಬಾರ್ಬರ್ ಸ್ವಾತಂತ್ರ್ಯದೇವಿಯ ತಲೆಯಿದ್ದ ಎರಡು ಅಚ್ಚು ಕೊರೆದರು. ಒಂದರಲ್ಲಿ ತಲೆ ತುಸು ದೊಡ್ಡದು, ಇನ್ನೊಂದರಲ್ಲಿ ಸಣ್ಣದು. ಎರಡರಿಂದಲೂ ತಾಮ್ರದಲ್ಲಿ ಕೆಲವು, ಚಿನ್ನದಲ್ಲಿ ಒಂದೊಂದು ಹೊರಬಂದವು. ಆ ಕಾಲದ ಮಾನದಂಡದ ಪ್ರಕಾರ ಐವತ್ತು ಡಾಲರಿನ ಚಿನ್ನವೆಂದರೆ ಸುಮಾರು 83.6 ಗ್ರಾಂ ತೂಕ. ಅಂಗೈ ತುಂಬುವ ನಾಣ್ಯ.

ಆಮೇಲೆ ಮೂವತ್ತು ವರ್ಷಗಳ ಮೌನ. 1909ರಲ್ಲಿ ಒಮ್ಮೆಲೇ ಸುದ್ದಿ: ಫಿಲಡೆಲ್ಫಿಯಾದ ವ್ಯಾಪಾರಿಗಳಾದ ಜಾನ್ ಹ್ಯಾಸೆಲ್ಟೈನ್ ಮತ್ತು ಸ್ಟೀಫನ್ ನೇಗಿ ಆ ಎರಡೂ ಚಿನ್ನದ ತುಂಡುಗಳನ್ನು ವಿಲಿಯಂ ವುಡಿನ್ ಎಂಬ ಸಂಗ್ರಾಹಕರಿಗೆ ಮಾರಿದ್ದಾರೆ, ಒಂದಕ್ಕೆ ಹತ್ತು ಸಾವಿರ ಡಾಲರಿನಂತೆ. ಮುಖಬೆಲೆಯ ಇನ್ನೂರು ಪಟ್ಟು! ಟಂಕಸಾಲೆಯ ಆಸ್ತಿ ಹೊರಗೆ ಹೋದದ್ದಾದರೂ ಹೇಗೆ ಎಂಬ ಗದ್ದಲ ಎದ್ದಿತು.

ಹ್ಯಾಸೆಲ್ಟೈನ್ ಹೆಸರು ಕಂಡಾಗ ನಾಣ್ಯಶೋಧಕರ ಕಿವಿ ನಿಮಿರುತ್ತದೆ. ಟಂಕಸಾಲೆಯ ಒಳಗಿನವರ ಜೊತೆ ಬಳಕೆಯಿದ್ದ ವಿಲಿಯಂ ಐಡ್ಲರ್ ಎಂಬ ವ್ಯಾಪಾರಿಗೆ ಈತ ಅಳಿಯ. 1884ರ ಹತ್ತು ಮತ್ತು 1885ರ ಐದು ಟ್ರೇಡ್ ಡಾಲರುಗಳು ತಮ್ಮ ಇಸವಿ ಕಳೆದು ಬಹಳ ವರ್ಷಗಳ ಮೇಲೆ ಬೆಳಕು ಕಂಡದ್ದೂ ಇದೇ ಕೈಗಳಿಂದ. ಈ ಸಲ ಹಿಂದಿನ ಕೊಂಡಿಯಾಗಿ ಬಂದ ಹೆಸರು ಎ. ಲೌಡನ್ ಸ್ನೋಡನ್. ಟಂಕಸಾಲೆಯ ಮುಖ್ಯ ಟಂಕಿಗನಾಗಿದ್ದು, 1879ರಿಂದ 1885ರವರೆಗೆ ಅದರ ಸೂಪರಿಂಟೆಂಡೆಂಟ್ ಆಗಿದ್ದವರು. ನಾಣ್ಯಗಳನ್ನು ಕರಗಿಸುವ ಮೊದಲೇ ಚಿನ್ನದ ಬೆಲೆ ಕಟ್ಟಿ ಅವನ್ನು ಉಳಿಸಿದೆ ಎಂಬುದು ಅವರ ಪಕ್ಷದ ವಾದ. ಸರ್ಕಾರ ಒಪ್ಪಲಿಲ್ಲ. ಈ ವಾದದಲ್ಲಿ ನನಗೆ ಒಂದು ನಿಜ ಕಾಣುತ್ತದೆ: ಅವರು ಮುಂದೆ ಬರದೇ ಇದ್ದಿದ್ದರೆ ಈ ಎರಡು ನಾಣ್ಯಗಳೂ ಕುಲುಮೆಗೆ ಬೀಳುತ್ತಿದ್ದವು. ಆದರೆ ಸಾರ್ವಜನಿಕ ಹುದ್ದೆಯಲ್ಲಿದ್ದವರು ಉಳಿಸಿದ್ದನ್ನು ತಮ್ಮ ಮನೆಯ ಕಪಾಟಿಗೆ ಸೇರಿಸುವುದು ಬೇರೆ ಸಂಗತಿ, ಅದನ್ನು ಒಪ್ಪಲಾರೆ.

ಕೊನೆಗೆ 1910ರಲ್ಲಿ ರಾಜಿಯಾಯಿತು. ಎರಡು ಹಾಫ್ ಯೂನಿಯನ್‌ಗಳು ಟಂಕಸಾಲೆಯ ಸಂಗ್ರಹಕ್ಕೆ ಮರಳಿದವು, ಅಲ್ಲಿಂದ ಮುಂದೆ ಸ್ಮಿತ್‌ಸೋನಿಯನ್ನಿಗೆ. ಇತ್ತ ವುಡಿನ್ ಕೈಗೆ ಬಂದದ್ದು ಪೆಟ್ಟಿಗೆಗಟ್ಟಲೆ ಹಳೆಯ ಮಾದರಿ ನಾಣ್ಯಗಳು.

ಆ ಪೆಟ್ಟಿಗೆಗಳಲ್ಲಿ ಏನೇನಿತ್ತು? ಟಂಕಸಾಲೆಯ ಪತ್ರವ್ಯವಹಾರ ಅಮೆರಿಕದ ರಾಷ್ಟ್ರೀಯ ದಾಖಲಾಗಾರದ 104ನೇ ದಾಖಲೆ ಗುಂಪಿನಲ್ಲಿದೆ. ಎರಡು ನಾಣ್ಯಗಳ ಸುತ್ತ ಅಧಿಕಾರಿಗಳು ಇಷ್ಟು ಮಸಿ ಖರ್ಚು ಮಾಡಿದರೂ, ಬದಲಿಗೆ ಕೊಟ್ಟ ರಾಶಿಯ ವಿವರಪಟ್ಟಿಯೊಂದು ಈವರೆಗೆ ಯಾವ ಸಂಶೋಧಕರಿಗೂ ಸಿಕ್ಕಿಲ್ಲ. ಹಾಗಾಗಿ ಸುತ್ತುದಾರಿ ಹಿಡಿಯಬೇಕಾಯಿತು. ಆರ್. ಕೌಲ್ಟನ್ ಡೇವಿಸ್ ಎಂಬ ಫಿಲಡೆಲ್ಫಿಯಾದ ಸಂಗ್ರಾಹಕ 1880ರ ದಶಕದಲ್ಲಿ ತನಗೆ ತಿಳಿದ ಮಾದರಿಗಳನ್ನೆಲ್ಲ ಪತ್ರಿಕೆಯೊಂದರಲ್ಲಿ ಕಂತುಕಂತಾಗಿ ಪಟ್ಟಿಮಾಡಿದ್ದರು. 1913ರಲ್ಲಿ ವುಡಿನ್ ಸ್ವತಃ ಎಡ್ಗರ್ ಆಡಮ್ಸ್ ಜೊತೆಗೂಡಿ ಮಾದರಿ ನಾಣ್ಯಗಳ ದೊಡ್ಡ ಗ್ರಂಥ ತಂದರು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು. ಮೊದಲನೆಯದರಲ್ಲಿಲ್ಲದೆ ಎರಡನೆಯದರಲ್ಲಿ ಕಾಣಿಸಿಕೊಂಡ ಪ್ರತಿ ನಮೂದೂ ಸಂಶಯಕ್ಕೆ ಅರ್ಹ, ಸಾಬೀತಿಗೆ ಮಾತ್ರ ಸಾಲದು. ಡೇವಿಸ್ ಎಲ್ಲವನ್ನೂ ಕಂಡಿರಲಿಲ್ಲ. ಅವರ ಕಾಲದಲ್ಲಿ ಮಾದರಿಗಳು ಗುಟ್ಟಾಗಿ ಕೈ ಬದಲಿಸುತ್ತಿದ್ದವು. ಮೂರನೆಯ ಸಾಕ್ಷಿಯಾಗಿ 1910ಕ್ಕೆ ಹಿಂದಿನ ಹರಾಜು ಕ್ಯಾಟಲಾಗುಗಳು ಬೇಕು. ಅಲ್ಲೆಲ್ಲೂ ಸುಳಿಯದೆ 1910ರ ಬಳಿಕ ಥಟ್ಟನೆ ಮೇಲೆದ್ದ ನಾಣ್ಯವಾದರೆ ಅನುಮಾನ ಗಟ್ಟಿಯಾಗುತ್ತದೆ.

ವುಡಿನ್ ಇದೇ ದಾಖಲೆಗಳಲ್ಲಿ ಮತ್ತೆ ಎದುರಾಗುತ್ತಾರೆ, ಬೇರೆ ವೇಷದಲ್ಲಿ. 1933ರ ಮಾರ್ಚಿನಲ್ಲಿ ರೂಸ್‌ವೆಲ್ಟ್ ಸರ್ಕಾರದ ಖಜಾನೆ ಕಾರ್ಯದರ್ಶಿಯಾಗಿ. ಏಪ್ರಿಲ್ 5ರಂದು ಜನರ ಬಳಿಯ ಚಿನ್ನದ ನಾಣ್ಯ, ಗಟ್ಟಿಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂಬ ಆದೇಶ ಬಂದಾಗ, ಸಂಗ್ರಾಹಕರಿಗೆ ವಿಶೇಷ ಮೌಲ್ಯದ ಅಪರೂಪದ ಚಿನ್ನದ ನಾಣ್ಯಗಳಿಗೆ ಅದರಲ್ಲಿ ವಿನಾಯಿತಿ ಇತ್ತು. ನಾಣ್ಯಲೋಕ ಅದರ ಶ್ರೇಯವನ್ನು ಇಂದಿಗೂ ವುಡಿನ್‌ಗೇ ಕೊಡುತ್ತದೆ. ಆ ಒಂದು ಸಾಲು ಇಲ್ಲದಿದ್ದರೆ ಎಷ್ಟೋ ಅಪೂರ್ವ ಚಿನ್ನದ ನಾಣ್ಯಗಳು ಗಟ್ಟಿಯಾಗಿ ಕರಗಿಹೋಗುತ್ತಿದ್ದವು.

ವುಡಿನ್ ತೀರಿಕೊಂಡದ್ದು 1934ರಲ್ಲಿ. ಪೆಟ್ಟಿಗೆಗಳ ಮಾದರಿಗಳು ಕೈಯಿಂದ ಕೈಗೆ ಹೋಗಿ ಇಂದಿಗೂ ಹರಾಜಿಗೆ ಬರುತ್ತವೆ. ಕ್ಯಾಟಲಾಗು ಬರೆಯುವವರು ಮಾಲೀಕರ ಸಾಲನ್ನು ವುಡಿನ್ ಹೆಸರಿನಿಂದ ಶುರುಮಾಡಿ ನಿಲ್ಲಿಸಿಬಿಡುತ್ತಾರೆ. ಅದಕ್ಕೂ ಹಿಂದೆ ‘ಬಹುಶಃ 1910ರ ವಿನಿಮಯ’ ಎಂದು, ಆ ಬಹುಶಃ ಎಂಬುದನ್ನು ಬಿಡದೆ, ಬರೆಯಬೇಕು. ಹಾಗೆ ಬರೆದ ನಮೂದುಗಳನ್ನು ಕೂಡಿಸುತ್ತ ಹೋದರೆ, ಯಾರೂ ಬರೆದಿಡದ ಆ ಪಟ್ಟಿಯ ಒಂದು ಭಾಗವನ್ನಾದರೂ ಹೊರಗಿನಿಂದ ಕಟ್ಟಬಹುದು.