ಮುಕ್ತಾಯವೂ ರಸಾನುಭವವೂ

ಎರಡೂವರೆ ಗಂಟೆಗಳ ಕಾಲ ಕುಳಿತು ಚಲಚ್ಚಿತ್ರವನ್ನು ನೋಡಿದವನು ಮನೆಗೆ ಒಯ್ಯುವುದು ಬಹುಮಟ್ಟಿಗೆ ಅದರ ಕೊನೆಯನ್ನೇ. ಕೊನೆಯು ಕೆಟ್ಟರೆ, ನೋಡುವಾಗ ರುಚಿಸಿದ ಭಾಗವೂ ನೆನಪಿನಲ್ಲಿ ಸಪ್ಪೆಯಾಗುವುದು. ಹಾಗಾದರೆ ಒಳ್ಳೆಯ ಮುಕ್ತಾಯವೆಂದರೆ ಸುಖದ ಮುಕ್ತಾಯವೇ? ಈ ಪ್ರಶ್ನೆಯು ಚಲಚ್ಚಿತ್ರಕ್ಕಿಂತ ಹಳೆಯದು. ಕನ್ನಡ ರಂಗಭೂಮಿಯೇ ಮೊದಲು ಅದನ್ನು ಎದುರಿಸಿತು.

ಭರತಮುನಿಯು ನಾಟಕದ ಐದು ಸಂಧಿಗಳಲ್ಲಿ ಕೊನೆಯದನ್ನು ನಿರ್ವಹಣವೆಂದು ಕರೆದನು. ಮೊದಲು ಬಿತ್ತಿದ ಬೀಜವು ಫಲವಾಗಿ ಕೈಸೇರುವುದು ಅಲ್ಲಿಯೇ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಮೈಸೂರಿನ ಅರಮನೆಯ ನಾಟಕ ಮಂಡಲಿಗಾಗಿ ಬಸವಪ್ಪಶಾಸ್ತ್ರಿಗಳು ಕನ್ನಡಿಸಿದ ಶಾಕುಂತಲವು ಇದಕ್ಕೆ ಉತ್ತಮ ನಿದರ್ಶನವು. ಕಣ್ವಾಶ್ರಮದಲ್ಲಿ ಮೊದಲಾದ ಪ್ರೇಮವು ಮಾರೀಚಾಶ್ರಮದಲ್ಲಿ ಪಕ್ವವಾಗುವುದು. ಅಲ್ಲಿಯ ಸುಖವು ಶಾಪದಲ್ಲಿಯೂ ಪಶ್ಚಾತ್ತಾಪದಲ್ಲಿಯೂ ಬೆಂದು ಬಂದ ಸುಖವು.

ಸುಖಾಂತವೆಲ್ಲವೂ ಹಾಗಲ್ಲ. 19ನೆಯ ಶತಮಾನದ ಕೊನೆಯಲ್ಲಿ ಆನಂದರಾಯರು ಷೇಕ್ಸ್‌ಪಿಯರನ ರೋಮಿಯೋ ಜೂಲಿಯೆಟ್ ಕಥೆಯನ್ನು ರಾಮವರ್ಮ ಲೀಲಾವತಿಯೆಂದು ಕನ್ನಡಕ್ಕೆ ತಂದಾಗ, ಮಡಿದ ಪ್ರಣಯಿಗಳು ದೈವಾನುಗ್ರಹದಿಂದ ಮರಳಿ ಬದುಕಿದರು. ನೋಡಿದವರ ಕಣ್ಣೀರು ಒರೆಸಿತು. ಆದರೆ ಎರಡು ಮನೆತನಗಳ ಹಗೆಗೆ ತೆರಬೇಕಾದ ಬೆಲೆಯೂ ಅಳಿಸಿಹೋಯಿತು.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ಬಿ. ಎಂ. ಶ್ರೀಕಂಠಯ್ಯನವರು ಇದಕ್ಕೆ ಎದುರಾದ ದಾರಿಯನ್ನು ಹಿಡಿದರು. ರನ್ನನ ಕಾವ್ಯವು ಭೀಮನ ಪಟ್ಟಾಭಿಷೇಕದಲ್ಲಿ ಮುಗಿಯುವುದು. ಆ ಕವಿಯ ಪದ್ಯಗಳಿಂದಲೇ 1926ರಲ್ಲಿ ಗದಾಯುದ್ಧ ನಾಟಕವನ್ನು ಕಟ್ಟಿ, ಅವರು ದುರ್ಯೋಧನನನ್ನು ದುರಂತನಾಯಕನಾಗಿ ನಿಲ್ಲಿಸಿದರು. ಮಾತುಗಳು ಅವೇ, ದೃಷ್ಟಿಯು ಅವಸಾನದ ಕಡೆಗೆ ತಿರುಗಿದೊಡನೆ ಛಲವು ಕೇವಲ ದುರ್ಗುಣವಾಗಿ ಕಾಣದೆ ಘನತೆಯನ್ನು ಪಡೆಯಿತು. 1929ರ ಅಶ್ವತ್ಥಾಮನ್ ನಾಟಕದಲ್ಲಿ ಗ್ರೀಕರ ಸೊಫೋಕ್ಲಿಸನ ಮಾದರಿಯು ಇನ್ನಷ್ಟು ಸ್ಪಷ್ಟವಾಗಿದೆ.

ಈ ವಾದವು ವಾಕ್ಚಿತ್ರಗಳಿಗೂ ಬಳುವಳಿಯಾಗಿ ಬಂದಿತು. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರವು ಸತಿ ಸುಲೋಚನಾ. ಇಂದ್ರಜಿತುವಿನ ಪತ್ನಿಯ ಸಹಗಮನದ ಕಥೆಯನ್ನು ಅಂದಿನವರು ಪಾತಿವ್ರತ್ಯದ ಜಯವೆಂದೇ ಕಂಡರು. 1954ರ ಬೇಡರ ಕಣ್ಣಪ್ಪದಲ್ಲಿ ಕಣ್ಣನ್ನೇ ಅರ್ಪಿಸುವ ಭಕ್ತನಿಗೆ ಶಿವನು ಒಲಿಯುವನು. ಇಲ್ಲಿಯೂ ದೈವಾನುಗ್ರಹವೇ, ಆದರೆ ಇದು ಹೊರಗಿನಿಂದ ಎರವಲು ತಂದುದಲ್ಲ, ಕಥೆಯು ಮೊದಲಿನಿಂದಲೂ ಆ ಒಲುಮೆಯ ಕಡೆಗೇ ನಡೆದಿತ್ತು. ಕಣ್ಣಪ್ಪನ ಕಥೆಯನ್ನಾಗಲಿ ಹರಿಶ್ಚಂದ್ರನ ಕಥೆಯನ್ನಾಗಲಿ ಅರಿಯದೆ ಬಂದ ಪ್ರೇಕ್ಷಕರು ವಿರಳ. ಆದರೂ ಅವರು ಅತ್ತರು. ಆದುದರಿಂದ ಮುಕ್ತಾಯದ ಬಲವು ಅದರ ಗುಟ್ಟಿನಲ್ಲಿಲ್ಲ.

ಹೂಟಗಳ್ಳಿಯ ಕಡೆಗೆ ಸಾಗುವ ಹುಣಸೂರು ರಸ್ತೆಯಲ್ಲಿ ಪ್ರೀಮಿಯರ್ ಸ್ಟುಡಿಯೋ ಇನ್ನೂ ನಡೆಯುತ್ತಿದ್ದ ದಿನಗಳಲ್ಲಿ, 1972ರಲ್ಲಿ, ಬಂಗಾರದ ಮನುಷ್ಯ ಬಂದಿತು. ಟಿ. ಕೆ. ರಾಮರಾಯರ ಕಾದಂಬರಿಯನ್ನು ಸಿದ್ಧಲಿಂಗಯ್ಯನವರು ಚಿತ್ರವಾಗಿಸಿದ್ದರು. ಅಕ್ಕನ ಮನೆಗೆ ಆಸರೆಯಾಗಿ ನಿಂತ ರಾಜೀವನು ಬಂಜರು ನೆಲವನ್ನು ಹಸನುಮಾಡಿ ಆ ಸಂಸಾರವನ್ನು ಎತ್ತಿ ನಿಲ್ಲಿಸುವನು. ಕೊನೆಗೆ ಅದೇ ಮನೆಯಲ್ಲಿ ಅಪವಾದವನ್ನು ಕೇಳಿ, ಮರುಮಾತಾಡದೆ ಊರು ಬಿಟ್ಟು ಹೋಗುವನು. ಅವನು ಮರಳಿ ಬಂದು ಎಲ್ಲರೂ ಕ್ಷಮೆ ಬೇಡಿದ್ದರೆ ಪ್ರೇಕ್ಷಕರಿಗೆ ಸಮಾಧಾನವಾಗುತ್ತಿತ್ತು. ಆದರೆ ಕೈಯಲ್ಲಿ ಏನನ್ನೂ ಬಯಸದೆ ದುಡಿದವನು ಏನನ್ನೂ ಕೇಳದೆ ಹೊರಟಾಗಲೇ ಆ ಹಿಂದಿನ ದುಡಿಮೆಗೆಲ್ಲ ಅರ್ಥವು ಬಂದಿತು. ಜನರು ಆ ದುಃಖಕ್ಕೆ ಬೆದರಲಿಲ್ಲ. ಬೆಂಗಳೂರಿನಲ್ಲಿ ಚಿತ್ರವು ವರ್ಷಕ್ಕೂ ಮೀರಿ ನಡೆಯಿತು.

ಸುಖವೋ ದುಃಖವೋ ಎಂಬುದು ಎರಡನೆಯ ಮಾತು. ಬಿತ್ತಿದ ಬೀಜಕ್ಕೆ ಬೆಳೆದ ಫಲವು ಸಲ್ಲಬೇಕು. ಹಾಗೆ ಸಂದಾಗ ದುಃಖವೂ ತೃಪ್ತಿಯನ್ನು ಕೊಡುವುದು. ಸಲ್ಲದಿದ್ದರೆ ಸುಖವೂ ನೋಡಿದವನನ್ನು ಬರಿಗೈಯಲ್ಲಿ ಕಳುಹಿಸುವುದು.