ಮೂತ್ರಪಿಂಡದೊಳಗಿನ ಗಾಯದ ಕಲೆ

ಹೊಲದಲ್ಲಿ ಕುಡುಗೋಲು ತಗುಲಿ ಕೈ ಕೊಯ್ದರೆ ಕೆಲವು ದಿನಗಳಲ್ಲಿ ಗಾಯ ಮಾಯುತ್ತದೆ, ಕಲೆಯೊಂದು ಉಳಿಯುತ್ತದೆ. ಚರ್ಮದ ಮೇಲಿನ ಆ ಕಲೆಯಿಂದ ತೊಂದರೆಯಿಲ್ಲ. ಅಂಥದೇ ಕಲೆ ಮೂತ್ರಪಿಂಡದೊಳಗೆ ಬೆಳೆದರೆ ಪ್ರಾಣಕ್ಕೇ ಸಂಚಕಾರ. ಒಂದೊಂದು ಮೂತ್ರಪಿಂಡದಲ್ಲೂ ರಕ್ತ ಸೋಸುವ ಸುಮಾರು 10 ಲಕ್ಷ ಸೂಕ್ಷ್ಮ ಘಟಕಗಳಿವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ಉರಿಯೂತದಿಂದ ಅವು ಘಾಸಿಗೊಂಡಾಗ ದೇಹ ಅಲ್ಲಿ ನಾರಿನಂಥ ಅಂಗಾಂಶವನ್ನು ತುಂಬುತ್ತದೆ. ನಾರು ತುಂಬಿದಲ್ಲಿ ಸೋಸುವ ಕೆಲಸ ನಿಲ್ಲುತ್ತದೆ. ಕೊನೆಗೆ ಉಳಿಯುವ ದಾರಿ ಡಯಾಲಿಸಿಸ್, ಇಲ್ಲವೇ ಕಸಿ. ಆಳಂದ ತಾಲ್ಲೂಕಿನ ಮಟಕಿಯಂಥ ಊರಿನ ತೊಗರಿ ಬೆಳೆಗಾರ ವಾರಕ್ಕೆ ಎರಡು ಮೂರು ಸಲ ಊರು ಬಿಟ್ಟು ಯಂತ್ರದ ಪಕ್ಕ ನಾಲ್ಕು ತಾಸು ಮಲಗಬೇಕೆಂದರೆ ಅಷ್ಟು ದಿನಗಳ ದುಡಿಮೆ ಹೋದಂತೆಯೇ.

ಕುಗ್ಗಿ ಗಟ್ಟಿಯಾದ ಮೂತ್ರಪಿಂಡವನ್ನು ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್ 1827ರಲ್ಲೇ ವರ್ಣಿಸಿದ್ದ. ಈ ನಾರನ್ನು ಹೆಣೆಯಿಸುವುದು ಯಾವುದು ಎಂಬ ಸುಳಿವು ಸಿಗಲು ಮತ್ತೆ 160 ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. 1990ರಲ್ಲಿ ಅಮೆರಿಕದ ವೇಯ್ನ್ ಬಾರ್ಡರ್ ಮತ್ತು ಸಂಗಡಿಗರು ಇಲಿಗಳಲ್ಲಿ ಟಿಜಿಎಫ್-ಬೀಟಾ ಎಂಬ ಪ್ರೋಟೀನನ್ನು ತಡೆದರು. ನಾರು ಕಟ್ಟುವುದು ಕಡಿಮೆಯಾಯಿತು. ಗಾಯ ಮಾಯಿಸುವ ಪ್ರೋಟೀನೂ ಇದೇ! ನಿಲ್ಲಬೇಕಾದಾಗ ನಿಲ್ಲದೆ ಹೋದರೆ ಅದೇ ಮುಳುವಾಗುತ್ತದೆ.

ಟಿಜಿಎಫ್-ಬೀಟಾವನ್ನು ಕಟ್ಟಿಹಾಕುವ ಡೆಕೋರಿನ್ ಎಂಬ ವಸ್ತು ದೇಹದಲ್ಲೇ ಇದೆ. ಅದನ್ನು ಮತ್ತೆ ಮತ್ತೆ ಚುಚ್ಚುವ ಬದಲು, ತಯಾರಿಸುವ ವಂಶವಾಹಿಯನ್ನೇ ಕೊಟ್ಟರೆ? 1996ರಲ್ಲಿ ಜಪಾನಿನ ಯೋಶಿತಾಕಾ ಇಸಾಕಾ, ಬಾರ್ಡರ್ ಮತ್ತಿತರರು ಇಲಿಯ ಸ್ನಾಯುವಿಗೆ ಡೆಕೋರಿನ್ ವಂಶವಾಹಿಯನ್ನು ಸೇರಿಸಿದರು. ಸ್ನಾಯುವೇ ಔಷಧದ ಕಾರ್ಖಾನೆಯಾಯಿತು. ರಕ್ತದ ಮೂಲಕ ಸಾಗಿದ ಡೆಕೋರಿನ್ ಮೂತ್ರಪಿಂಡದಲ್ಲಿ ನಾರು ಬೆಳೆಯುವುದನ್ನು ತಗ್ಗಿಸಿತು. ಮೂತ್ರದಲ್ಲಿ ಸೋರುವ ಪ್ರೋಟೀನೂ ಇಳಿಯಿತು.

ಇಲಿಯಿಂದ ಮನುಷ್ಯನವರೆಗಿನ ಹಾದಿ ಮಾತ್ರ ಸುಲಭವಾಗಲಿಲ್ಲ. ವಂಶವಾಹಿಯನ್ನು ಹೊತ್ತೊಯ್ಯಲು ಬಳಸುವ ಪಳಗಿಸಿದ ವೈರಸ್‌ಗಳು ಹೆಚ್ಚಾಗಿ ಯಕೃತ್ತನ್ನು ಸೇರುತ್ತವೆ; ಮೂತ್ರಪಿಂಡದ ಸೂಕ್ಷ್ಮ ಜರಡಿಯನ್ನು ದಾಟುವುದು ಅವುಗಳಿಗೆ ಕಷ್ಟ. 1999ರಲ್ಲಿ ಅಮೆರಿಕದಲ್ಲಿ ಯಕೃತ್ತಿನ ದೋಷಕ್ಕೆ ನಡೆದ ವಂಶವಾಹಿ ಪ್ರಯೋಗದಲ್ಲಿ 18 ವರ್ಷದ ಯುವಕ ಸತ್ತದ್ದು ಇಡೀ ಕ್ಷೇತ್ರವನ್ನೇ ಎಚ್ಚರಿಸಿತು. ಟಿಜಿಎಫ್-ಬೀಟಾ ರೋಗನಿರೋಧಕ ವ್ಯವಸ್ಥೆಯನ್ನೂ ಹತೋಟಿಯಲ್ಲಿಡುವುದರಿಂದ ಅದನ್ನು ಪೂರ್ತಿ ತಡೆಯುವಂತಿಲ್ಲ. ಅದರ ವಿರುದ್ಧದ ಪ್ರತಿಕಾಯವನ್ನು ಸಕ್ಕರೆ ಕಾಯಿಲೆಯ ಮೂತ್ರಪಿಂಡ ರೋಗಿಗಳಿಗೆ ಕೊಟ್ಟು ನೋಡಿದ ಪರೀಕ್ಷೆಯೂ ಫಲ ಕೊಡಲಿಲ್ಲವೆಂದು 2017ರಲ್ಲಿ ವರದಿಯಾಯಿತು. ಮೂತ್ರಪಿಂಡದ ನಾರುಗಟ್ಟುವಿಕೆಗೆಂದು ಅನುಮತಿ ಪಡೆದ ವಂಶವಾಹಿ ಚಿಕಿತ್ಸೆ ಇದುವರೆಗೆ ಒಂದೂ ಇಲ್ಲ.

ರೋಗಿಗೆ ಮೊದಲು ಒದಗಿದ್ದು ಸಾಮಾನ್ಯ ಗುಳಿಗೆ. ಬ್ರೆಜಿಲ್‌ನ ಹಾವಿನ ವಿಷದ ಅಧ್ಯಯನದಿಂದ ಹುಟ್ಟಿದ ಕ್ಯಾಪ್ಟೊಪ್ರಿಲ್ ಎಂಬ ರಕ್ತದೊತ್ತಡದ ಮದ್ದು, ಸಕ್ಕರೆ ಕಾಯಿಲೆಯ 409 ರೋಗಿಗಳಲ್ಲಿ ಸಾವು, ಡಯಾಲಿಸಿಸ್ ಅಥವಾ ಕಸಿಯ ಅಪಾಯವನ್ನು ಅರ್ಧಕ್ಕೆ ಇಳಿಸಿತೆಂದು 1993ರಲ್ಲಿ ತಿಳಿದುಬಂತು. ಟಿಜಿಎಫ್-ಬೀಟಾವನ್ನು ಕೆರಳಿಸುವ ಆಂಜಿಯೊಟೆನ್ಸಿನ್ ಎಂಬ ಹಾರ್ಮೋನು ತಯಾರಾಗುವುದನ್ನೇ ಈ ಮದ್ದು ತಗ್ಗಿಸುತ್ತದೆ. ಮುಂದೆ ಬಂದ ಲೊಸಾರ್ಟನ್ ಮುಂತಾದವುಗಳದೂ ಹೆಚ್ಚು ಕಡಿಮೆ ಇದೇ ದಾರಿ.

ಒಮ್ಮೆ ನಾರಾದ ಘಟಕ ಮರಳಿ ಸೋಸಲಾರದು. ನಾಳೆ ವಂಶವಾಹಿ ಚಿಕಿತ್ಸೆ ಕೈಗೂಡಿದರೂ ಅದು ಕಾಯಬಲ್ಲದ್ದು ಅಳಿದುಳಿದ ಘಟಕಗಳನ್ನೇ. ಅವು ಸಾಕಷ್ಟು ಉಳಿದಿರುವಾಗಲೇ ಮೂತ್ರದ ಪ್ರೋಟೀನ್ ಮತ್ತು ರಕ್ತದೊತ್ತಡದ ಪರೀಕ್ಷೆ ಆಗಬೇಕು. ಅದಕ್ಕೆ ನಾಳಿನ ವಿಜ್ಞಾನವನ್ನು ಕಾಯಬೇಕಾಗಿಲ್ಲ.